ಅಮ್ಮನ ಕೈ ಚಾಚಿದ ಜಾಗಕ್ಕೇ ಹಿಡಿಕೆ

ನಮ್ಮದು ಬ್ರಹ್ಮಾವರದ ಹತ್ತಿರ ಹಳೆ ಹೆಂಚಿನ ಮನೆ. ಟಾಯ್ಲೆಟ್ ಇರುವುದು ಹಿಂದಿನ ಜಗಲಿ ದಾಟಿ, ಬಚ್ಚಲಿನ ಪಕ್ಕ. ಅಮ್ಮನಿಗೆ 74 ವರ್ಷ, ಎರಡೂ ಮೊಣಕಾಲು ಸವೆದಿವೆ. ಎರಡು ವರ್ಷದ ಹಿಂದೆ, ಆಷಾಢದ ಒಂದು ರಾತ್ರಿ ಕರೆಂಟು ಹೋಗಿತ್ತು. ಇಂಡಿಯನ್ ಟಾಯ್ಲೆಟ್‌ನಿಂದ ಏಳುವಾಗ ಅಮ್ಮ ಗೋಡೆಯ ನಲ್ಲಿ ಹಿಡಿದುಕೊಂಡರು. ನಲ್ಲಿ ಕಿತ್ತು ಬಂತು. ಎಡಗೈ ಮಣಿಕಟ್ಟು ಮುರಿಯಿತು.

ಕೈ ಕೂಡಿತು. ಆದರೆ ಅಮ್ಮ ಸಂಜೆ ಐದರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಅದು ನನಗೆ ಗೊತ್ತಾದದ್ದು ಮೂತ್ರದ ಸೋಂಕಾಗಿ ಜ್ವರ ಬಂದ ಮೇಲೆ. ಕೇಳಿದರೆ, "ಕುಡಿದ್ರೆ ರಾತ್ರಿ ಏಳ್ಬೇಕಲ್ಲ ಮಾರಾಯ್ತಿ, ನಿನ್ನನ್ನು ಎಷ್ಟು ಸಲ ಎಬ್ಬಿಸುದು?" ಎಂದರು. ನಾನು ಪಕ್ಕದ ಕೋಣೆಯಲ್ಲೇ ಮಲಗುವವಳು. ಒಂದು ದಿನವೂ ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ಇನ್ನು ಅಮ್ಮ ಯಾರನ್ನೂ ಕರೆಯದೆ ಹೋಗಿ ಬರುವಂತಾಗಬೇಕು ಎಂದು ಅವತ್ತೇ ನಿರ್ಧರಿಸಿದೆ.

ಮೊದಲು ತಂದದ್ದು ಕಮೋಡ್ ಚೇರ್, ಸೀಟಿನ ಕೆಳಗೆ ಪಾತ್ರೆ ಇರುವ ಕುರ್ಚಿ. ಮಂಚದ ಪಕ್ಕ ಇಟ್ಟರೆ ಸಾಕಲ್ಲ, ನಡೆಯುವುದೇ ಬೇಡ ಎಂದುಕೊಂಡೆ. ಅಮ್ಮ ಒಪ್ಪಲಿಲ್ಲ. ಗೋಡೆಯ ಆಚೆ ಬದಿ ದೇವರ ಕೋಣೆ ಉಂಟು, ಇಲ್ಲಿ ಅದೆಲ್ಲ ಆಗುವುದಿಲ್ಲ ಎಂದರು. ಮಲಗುವ ಕೋಣೆಯಲ್ಲಿ ಅದನ್ನು ಇಟ್ಟುಕೊಳ್ಳಲು ಮನಸ್ಸಾಗದಿದ್ದರೆ ಅದು ಹಠವಲ್ಲ, ನಾನೂ ಒಪ್ಪುತ್ತಿರಲಿಲ್ಲ. ಮತ್ತೆ ಇಂಡಿಯನ್ ಟಾಯ್ಲೆಟ್‌ನ ಮೇಲೆ ಇಡುವ, ನಡುವೆ ತೂತಿರುವ ಸ್ಟೂಲ್ ತಂದೆ. ಒದ್ದೆ ನೆಲದಲ್ಲಿ ಅದರ ಕಾಲು ಜಾರುತ್ತಿತ್ತು. ಒಂದೇ ದಿನಕ್ಕೆ ತೆಗೆದಿಟ್ಟೆ.

ಕೊನೆಗೆ ಕಮೋಡ್ ಹಾಕಿಸುವುದೇ ಸರಿ ಎಂದು ತೀರ್ಮಾನವಾಯಿತು. ಮೇಸ್ತ್ರಿ ಕೇಳಿದ ಮೊದಲ ಪ್ರಶ್ನೆ, "ಎತ್ತರ ಎಷ್ಟು ಬೇಕು?" ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಅಂಗಡಿಯಲ್ಲಿ ನೋಡಿದ ಕಮೋಡ್ ಸೀಟ್ ಸೇರಿ ಹದಿನೈದೂವರೆ ಇಂಚು ಇತ್ತು. ಅಮೆರಿಕದಲ್ಲಿ ಅಂಗವಿಕಲರಿಗಾಗಿ ಮಾಡಿದ ನಿಯಮದಲ್ಲಿ ಸೀಟಿನ ಎತ್ತರ 17ರಿಂದ 19 ಇಂಚು. ಹಾಗಂತ 19 ಇಂಚು ಮಾಡಿಸಿದರೆ ನಮ್ಮ ಅಮ್ಮನ ಪಾದ ಪೂರ್ತಿ ನೆಲಕ್ಕೆ ತಾಗುವುದಿಲ್ಲ.

ಜಗಲಿಯ ಬೆಂಚಿನ ಮೇಲೆ ಹಳೆ ಮಣೆಗಳನ್ನು ಒಂದರ ಮೇಲೊಂದು ಇಟ್ಟು ಅಮ್ಮನನ್ನು ಕೂರಿಸಿದೆ. ಒಂದೊಂದು ಎತ್ತರಕ್ಕೂ ಏಳಲು ಹೇಳಿದೆ. ಹದಿನಾರಕ್ಕೆ ನನ್ನ ಕೈ ಬೇಕಾಯಿತು. ಹದಿನೇಳೂವರೆಗೆ ಬೆಂಚಿನ ಅಂಚು ಒತ್ತಿ ತಾವೇ ಎದ್ದರು, ಪಾದ ಪೂರ್ತಿ ನೆಲದ ಮೇಲೆ ಇತ್ತು. ಹತ್ತೊಂಬತ್ತಕ್ಕೆ ಸುಲಭವಾಗಿ ಎದ್ದರು, ಆದರೆ ಕೂತಾಗ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಎತ್ತರ ಜಾಸ್ತಿಯಾದಷ್ಟೂ ಒಳ್ಳೆಯದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕುಕ್ಕರಗಾಲಲ್ಲಿ ಕೂತಾಗ ದೊಡ್ಡ ಕರುಳಿನ ಕೊನೆಯ ದಾರಿ ನೇರವಾಗುತ್ತದೆ, ಹೊಟ್ಟೆ ಸಲೀಸಾಗಿ ಖಾಲಿಯಾಗುತ್ತದೆ. ಸೀಟ್ ಎತ್ತರಿಸಿದಷ್ಟೂ ಆ ಅನುಕೂಲ ತಪ್ಪುತ್ತದೆ. ಮೊಣಕಾಲಿಗೆ ಬೇಕಾದಷ್ಟು ಮಾತ್ರ ಎತ್ತರಿಸಬೇಕು, ಅದಕ್ಕಿಂತ ಒಂದು ಇಂಚೂ ಹೆಚ್ಚು ಬೇಡ.

ಈಗ ಕಾಲ ಕೆಳಗೆ ಇಡುವ ಪುಟ್ಟ ಸ್ಟೂಲ್ ಸಿಗುತ್ತದೆ, ಅದರಿಂದ ಕುಕ್ಕರಗಾಲಿನ ಭಂಗಿ ಸ್ವಲ್ಪ ಸಿಗುತ್ತದೆ. ಗಟ್ಟಿ ಕಾಲಿನವರಿಗೆ ಅದು ಒಳ್ಳೆಯದೇ. ಏಳುವಾಗ ಎಡವಬಹುದು ಎಂದು ಅಮ್ಮನಿಗೆ ನಾನು ಕೊಡಲಿಲ್ಲ. ಸೊಂಟದ ಕೀಲು ಬದಲಿಸಿದವರು ಡಾಕ್ಟರನ್ನು ಕೇಳದೆ ಖಂಡಿತ ಇಡಬಾರದು.

ಕಮೋಡ್‌ನ ಬುಡಕ್ಕೆ ಮೇಸ್ತ್ರಿ ಎರಡು ಇಂಚಿನ ಕಟ್ಟೆ ಕಟ್ಟಿದರು. ಇಲ್ಲೊಂದು ಸೂಕ್ಷ್ಮ ಉಂಟು. ಕಟ್ಟೆ ಕಮೋಡ್‌ನ ಬುಡದಷ್ಟೇ ಇರಬೇಕು. ಅಗಲ ಮಾಡಿದರೆ ಕಾಲೂ ಕಟ್ಟೆಯ ಮೇಲೇ ಬರುತ್ತದೆ, ಎತ್ತರಿಸಿದ್ದು ಸುಮ್ನೆ ಹೋಗುತ್ತದೆ. ಏಳುವ ಮುಂಚೆ ನಾವು ಪಾದವನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ವಾ, ಆಗ ಎದುರಿಗೆ ಚಾಚಿದ ಕಟ್ಟೆ ಹಿಮ್ಮಡಿಗೆ ತಾಗುತ್ತದೆ. ಕಮೋಡ್ ಈಗಾಗಲೇ ಇರುವ ಮನೆಯವರು ಸೀಟಿನ ಮೇಲೆ ಕೂರಿಸುವ ಎತ್ತರದ ಸೀಟ್ ತರಬಹುದು. ಎರಡು, ನಾಲ್ಕು, ಆರು ಇಂಚಿನದು ಸಿಗುತ್ತದೆ. ಪಕ್ಕಕ್ಕೆ ವಾಲಿ ಕೂತರೂ ಜಾರದ ಹಾಗೆ ಸ್ಕ್ರೂ ಅಥವಾ ಕ್ಲಾಂಪ್ ಇರುವುದನ್ನೇ ತನ್ನಿ.

ಇನ್ನು ಹಿಡಿಕೆ. ನಾನು ಅತಿ ಹೆಚ್ಚು ಸಮಯ ಕಳೆದದ್ದು ಇದಕ್ಕೇ.

ನನ್ನ ಅಜ್ಜಿ ಮಂಚದ ಮೇಲೆ, ಮಾಡಿನ ಮರದ ಪಕ್ಕಾಸಿಗೆ ಒಂದು ತೆಂಗಿನ ನಾರಿನ ಹಗ್ಗ ಕಟ್ಟಿಸಿಕೊಂಡಿದ್ದರು, ಗಂಟು ಗಂಟು ಹಾಕಿ. ಅದನ್ನು ಹಿಡಿದೇ ಏಳುತ್ತಿದ್ದರು. ಹಗ್ಗ ಸರಿಯಾಗಿ ಅವರ ಕೈ ಹೋಗುವ ಜಾಗದಲ್ಲೇ ಇತ್ತು, ಏಕೆಂದರೆ ಅಲ್ಲೇ ಕೂತು ತೋರಿಸಿ ಕಟ್ಟಿಸಿದ್ದರು. ನಾನೂ ಹಾಗೇ ಮಾಡಿದೆ. ಕಮೋಡ್ ಕೂತ ಮೇಲೆ ಅಮ್ಮನ ಬಲ ಅಂಗೈಗೆ ಚಾಕ್‌ಪುಡಿ ಹಚ್ಚಿ, "ಗೋಡೆ ಹಿಡಿದು ಏಳು" ಎಂದೆ. ನಾಲ್ಕೈದು ಸಲ ಎದ್ದು ಕೂತರು. ಗೋಡೆಯಲ್ಲಿ ಗುರುತು ಬಿದ್ದದ್ದು ನಾನು ಅಂದುಕೊಂಡ ಕಡೆ ಅಲ್ಲ, ಸೀಟಿಗಿಂತ ಒಂದಡಿ ಮುಂದೆ. ಯೋಚಿಸಿದರೆ ಅದೇ ಸರಿ. ಏಳಬೇಕಾದರೆ ತಲೆ ಮೊಣಕಾಲಿಗಿಂತ ಮುಂದೆ ಹೋಗಬೇಕು, ಕೈಯೂ ಅದರ ಜೊತೆ ಮುಂದೆ ಹೋಗುತ್ತದೆ. ಪಕ್ಕದಲ್ಲಿ ಮಾತ್ರ ಹಿಡಿಕೆ ಇದ್ದರೆ ಕೂರಲು ಆದೀತು, ಏಳಲು ಅಷ್ಟು ಸಾಲದು. ಹಾಗಾಗಿ ಒಂದು ಅಡ್ಡ ಸರಳು, ಅದರ ಮುಂದಿನ ತುದಿಗೆ ಒಂದು ನೆಟ್ಟಗಿನ ಸರಳು ಹಾಕಿಸಿದೆ. ಪೈಪು ಒಂದೂವರೆ ಇಂಚು ದಪ್ಪ. ಗೋಡೆಗೂ ಪೈಪಿಗೂ ನಡುವೆಯೂ ಒಂದೂವರೆ ಇಂಚು. ಸಂದು ಅದಕ್ಕಿಂತ ಜಾಸ್ತಿಯಾದರೆ ಜಾರಿದಾಗ ತೋಳು ಒಳಗೆ ಸಿಕ್ಕಿಕೊಳ್ಳುತ್ತದೆ.

ನಮ್ಮ ಕಡೆಯ ಗೋಡೆಯ ತಾಪತ್ರಯ ಬೇರೆ. ಕೆಂಪುಕಲ್ಲು ಒಳಗೆ ತೂತು ತೂತು. ಮೊದಲು ಬಂದವರು ಡ್ರಿಲ್ ಹೊಡೆದು, ಪ್ಲಾಸ್ಟಿಕ್ ಪ್ಲಗ್ ತುರುಕಿ ಸ್ಕ್ರೂ ಬಿಗಿದು ಹೋದರು. ನೋಡಲು ಗಟ್ಟಿಯಾಗಿಯೇ ಇತ್ತು. ಅಮ್ಮನಿಗೆ ಬಿಡುವ ಮೊದಲು ನಾನೇ ಜೋತುಬಿದ್ದೆ. ಪ್ಲಗ್ಗು ಕೆಂಪು ಪುಡಿಯ ಸಮೇತ ಹೊರಬಂತು. ಪರೀಕ್ಷೆ ಮಾಡದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ. ಹಾಗೆಯೇ ಟವೆಲ್ ಹಾಕುವ ಸರಳನ್ನಾಗಲಿ, ರಬ್ಬರ್ ಬಟ್ಟಲಿನಿಂದ ಟೈಲಿಗೆ ಕಚ್ಚಿಕೊಳ್ಳುವ ಹಿಡಿಕೆಯನ್ನಾಗಲಿ ಇಡೀ ಭಾರಕ್ಕೆ ನಂಬಬೇಡಿ.

ಎರಡನೇ ಸಲ ಗೋಡೆಯನ್ನು ಈ ಬದಿಯಿಂದ ಆ ಬದಿಯವರೆಗೆ ಕೊರೆಸಿದೆವು. ಸಾರಣೆ ಸೇರಿ ಹತ್ತು ಇಂಚು ದಪ್ಪದ ಗೋಡೆ. ಉದ್ದದ ಬೋಲ್ಟ್ ತೂರಿಸಿ, ಹೊರಬದಿಗೆ ಅಂಗೈ ಅಗಲದ ಸ್ಟೀಲ್ ಪ್ಲೇಟ್ ಇಟ್ಟು ನಟ್ಟು ಬಿಗಿದೆವು. ಎಳೆದಾಗ ಭಾರವೆಲ್ಲ ಆ ಪ್ಲೇಟಿನ ಮೂಲಕ ಕಲ್ಲಿನ ಮೇಲೆ ಹರಡುತ್ತದೆ, ಒಂದು ತೂತಿನ ಮೇಲೆ ಬೀಳುವುದಿಲ್ಲ. ತೂತು ಹೊರಕ್ಕೆ ಸ್ವಲ್ಪ ಇಳಿಜಾರಾಗಿ ಕೊರೆಯಲು ಹೇಳಿದೆ, ಇಲ್ಲದಿದ್ದರೆ ನಮ್ಮ ಮಳೆಗೆ ನೀರು ಒಳಗೆ ಬರುವುದು ಗ್ಯಾರಂಟಿ. ಪ್ಲೇಟಿನ ಸುತ್ತ ಸಿಲಿಕೋನ್ ಹಚ್ಚಿದೆವು. ಆಮೇಲೆ ನಾನೂ ತಮ್ಮನೂ ಸೇರಿ ಜೋತುಬಿದ್ದು ಎಳೆದೆವು. ಅಮೆರಿಕದ ನಿಯಮದಲ್ಲಿ ಹಿಡಿಕೆ 250 ಪೌಂಡ್, ಅಂದರೆ ಸುಮಾರು 113 ಕೆಜಿ ತಡೆಯಬೇಕು. ನಮ್ಮಿಬ್ಬರ ತೂಕ ಅದಕ್ಕಿಂತ ಜಾಸ್ತಿ. ಅಲುಗಲಿಲ್ಲ.

ಸ್ಟೀಲಿನ ಬಗ್ಗೆ ಒಂದು ಮಾತು. ಸಮುದ್ರದ ಹತ್ತಿರ ಇರುವ ನಮಗೆ ಉಪ್ಪು ಗಾಳಿಯ ಕಾಟ. ಅಗ್ಗದ 202 ಗ್ರೇಡ್ ಪೈಪು ಬೇಗ ಚುಕ್ಕೆ ಚುಕ್ಕೆ ತುಕ್ಕು ಹಿಡಿಯುತ್ತದೆ. 304 ಕೇಳಿ, ಕೈಗೆಟುಕಿದರೆ 316. ಅಯಸ್ಕಾಂತ ಹಿಡಿದು ನೋಡಿದರೆ 202ಕ್ಕೂ 304ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಹಾಗಾಗಿ ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಬೋಲ್ಟ್, ನಟ್ಟು ಕೂಡ ಅದೇ ಇರಲಿ.

ನೆಲಕ್ಕೆ ನುಣುಪು ಟೈಲ್ ಬೇಡವೆಂದೆ. ಟೈಲುಗಳಿಗೆ ಆರ್9ರಿಂದ ಆರ್13ರವರೆಗೆ ಜಾರದ ಗುಣದ ಅಳತೆ ಉಂಟು, ಸಂಖ್ಯೆ ಹೆಚ್ಚಾದಷ್ಟೂ ಹಿಡಿತ ಹೆಚ್ಚು. ನಾನು ಆರ್11 ತೆಗೆದುಕೊಂಡೆ. ಇನ್ನೂ ಒರಟಾದದ್ದರಲ್ಲಿ ಕೊಳೆ ಕೂತು, ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಹೊಸಿಲು ಒಡೆಸಿ ಸಣ್ಣ ಇಳಿಜಾರು ಮಾಡಿಸಿದೆ. ಬಾಗಿಲನ್ನು ಹೊರಕ್ಕೆ ತೆರೆಯುವ ಹಾಗೆ ತಿರುಗಿಸಿದೆವು. ಒಳಗೆ ಯಾರಾದರೂ ಬಾಗಿಲಿಗೆ ಅಡ್ಡ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ದೂಡಲು ಆಗುವುದೇ ಇಲ್ಲ. ಚಿಲಕವೂ ಹೊರಗಿಂದ ನಾಣ್ಯ ಹಾಕಿ ತಿರುಗಿಸಿದರೆ ತೆರೆಯುವಂಥದ್ದು.

ತೊಳೆಯುವ ವಿಷಯ ಹೇಳಲು ಅಮ್ಮ ಬಹಳ ಸಂಕೋಚಪಟ್ಟರು. ಕೈ ಹಿಂದಕ್ಕೆ ಪೂರ್ತಿ ತಿರುಗುತ್ತಿರಲಿಲ್ಲ. ಜಪಾನಿನ ಟೊಟೊ ಕಂಪನಿ 1980ರಲ್ಲೇ ವಾಶ್‌ಲೆಟ್ ಎಂಬ ಸೀಟ್ ತಂದಿತ್ತು. ಕೂತಲ್ಲಿಂದಲೇ ಬೆಚ್ಚನೆ ನೀರು ಚಿಮ್ಮಿ ತೊಳೆಯುತ್ತದೆ. ಅದಕ್ಕೆ ಕರೆಂಟು ಬೇಕು. ನಮ್ಮ ಮಳೆಗಾಲದ ಕರೆಂಟನ್ನು ನಂಬಿ ಕೂರಲು ಆಗುವುದಿಲ್ಲ. ಸೀಟಿನ ಕೆಳಗೆ ಸೇರಿಸುವ, ಕರೆಂಟು ಬೇಡದ ನಳಿಕೆ ಹಾಕಿದೆ. ಪಕ್ಕದ ತಿರುಗಣೆ ತಿರುಗಿಸಿದರೆ ಟ್ಯಾಂಕಿನ ಒತ್ತಡಕ್ಕೇ ನೀರು ಬರುತ್ತದೆ. ಬಾವಿ ನೀರಿನ ಮಣ್ಣು ಅದರಲ್ಲಿ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಮುಂಚೆಯೇ ಒಂದು ಸಣ್ಣ ಫಿಲ್ಟರ್ ಬೇಕು. ಆಷಾಢದ ಚಳಿಗೆ ನೀರು ತಣ್ಣಗಿರುತ್ತದೆ ಎಂಬುದೊಂದೇ ಅಮ್ಮನ ದೂರು. ಅದನ್ನು ಇನ್ನೂ ಸರಿಮಾಡಲು ಆಗಿಲ್ಲ.

ಮಂಚದಿಂದ ಟಾಯ್ಲೆಟ್‌ವರೆಗೆ ಮೂರು ಕಡೆ, ಮೊಣಕಾಲೆತ್ತರದಲ್ಲಿ, ಜನ ಓಡಾಡಿದರೆ ತಾನೇ ಹತ್ತುವ ಚಾರ್ಜಿನ ದೀಪ ಇಟ್ಟಿದ್ದೇನೆ. ರಾತ್ರಿ ಎದ್ದ ಕೂಡಲೇ ರಕ್ತದೊತ್ತಡ ಇಳಿದು ತಲೆ ತಿರುಗುವುದುಂಟು, ಅದಕ್ಕೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತೇ ಏಳುವುದು ಅಮ್ಮನಿಗೆ ಅಭ್ಯಾಸವಾಗಿದೆ. ಟಾಯ್ಲೆಟ್ ಒಳಗೆ ಬೆಲ್ಲಿನ ದಾರ ನೆಲದವರೆಗೆ ಇಳಿಬಿಟ್ಟಿದೆ. ಬಿದ್ದವರ ಕೈಗೆ ಗೋಡೆಯ ಮೇಲಿನ ಸ್ವಿಚ್ಚು ಎಟುಕುವುದಿಲ್ಲವಲ್ಲ.

ಈಗ ಅಮ್ಮನ ಮಂಚದ ಪಕ್ಕ ರಾತ್ರಿ ಒಂದು ತಂಬಿಗೆ ನೀರು ಇರುತ್ತದೆ. ಬೆಳಿಗ್ಗೆ ನಾನು ನೋಡುವಾಗ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿರುತ್ತದೆ. ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ, ಸ್ಪ್ಯಾನರ್ ಹಿಡಿದು ಹೊರಗಿನ ನಟ್ಟುಗಳನ್ನು ಒಮ್ಮೆ ಬಿಗಿ ನೋಡುತ್ತೇನೆ. ಈ ಸಲ ಒಂದು ನಟ್ಟು ಅರ್ಧ ಸುತ್ತು ತಿರುಗಿತು. ಉಳಿದವು ಅಲುಗಲಿಲ್ಲ.