ಬಜಪೆಯಲ್ಲಿ ವಿಮಾನ ಹತ್ತುವ ಮೊದಲು ಉಯಿಲಿನ ಮಾತು

ನಾನು ದುಬೈಯಿಂದ ರಜೆಯಲ್ಲಿ ಉಡುಪಿಗೆ ಬಂದಾಗಲೆಲ್ಲ ದುಬೈಗೆ ಹೊರಟ ಇಬ್ಬರು ಮೂವರು ಹುಡುಗರು ನಮ್ಮ ಮನೆಗೆ ಬರುತ್ತಾರೆ. ಕೋಣೆಯ ಬಾಡಿಗೆ ಎಷ್ಟು, ಕುಚ್ಚಲಕ್ಕಿ ಎಲ್ಲಿ ಸಿಗುತ್ತದೆ ಎಂದೆಲ್ಲ ಕೇಳುತ್ತಾರೆ. ನಾನು ಉಯಿಲಿನ ಮಾತೆತ್ತಿದರೆ ಒಳಗಿನಿಂದ ಅಮ್ಮ, "ಹೊರಡುವ ಹೊತ್ತಿಗೆ ಅದೆಂಥ ಮಾತು ಮಾರಾಯಾ" ಎನ್ನುತ್ತಾರೆ. ಹಾಗಾಗಿ ಬರೆದೇ ಬಿಡುತ್ತೇನೆ.

ದುಬೈಯಲ್ಲಿ ಖಾತೆದಾರ ತೀರಿಕೊಂಡ ಸುದ್ದಿ ತಲುಪಿದೊಡನೆ ಬ್ಯಾಂಕು ಖಾತೆಯನ್ನು ತಡೆಹಿಡಿಯುತ್ತದೆ. ನ್ಯಾಯಾಲಯದ ಆದೇಶ ಬರುವವರೆಗೆ ಹೆಂಡತಿಗೂ ಒಂದು ದಿರ್ಹಮ್ ಸಿಗುವುದಿಲ್ಲ. ಆದ್ದರಿಂದ ಹೆಂಡತಿಯ ಹೆಸರಿನಲ್ಲೇ ಬೇರೆ ಖಾತೆ ತೆರೆದು, ಐದಾರು ತಿಂಗಳ ಖರ್ಚಿನ ಹಣವನ್ನು ಅದರಲ್ಲಿಡಿ. ಮುಸ್ಲಿಮೇತರರಿಗೆ 2023ರ ಫೆಬ್ರವರಿಯಿಂದ ಹೊಸ ಕಾನೂನು ಜಾರಿಯಲ್ಲಿದೆ: ಉಯಿಲು ಇಲ್ಲದಿದ್ದರೆ ಅರ್ಧ ಸಂಗಾತಿಗೆ, ಉಳಿದರ್ಧ ಮಕ್ಕಳಿಗೆ ಸಮಪಾಲು. ಊರಿನಲ್ಲಿರುವ ತಾಯಿಗೂ ಏನಾದರೂ ಸಿಗಬೇಕೆಂದಿದ್ದರೆ ಉಯಿಲು ಬರೆಯಲೇಬೇಕು. ದುಬೈ ಇಂಟರ್‌ನ್ಯಾಷನಲ್ ಫೈನಾನ್ಷಿಯಲ್ ಸೆಂಟರ್‌ನಲ್ಲಿ 2015ರಿಂದ ಅದನ್ನು ನೋಂದಾಯಿಸಬಹುದು. ಅದು ಸ್ವಂತ ನ್ಯಾಯಾಲಯವಿರುವ ಹಣಕಾಸು ವಲಯ; ಆ ನ್ಯಾಯಾಲಯವೇ ಪ್ರೊಬೇಟ್ ಕೊಡುತ್ತದೆ. ಪ್ರೊಬೇಟ್ ಎಂದರೆ ಉಯಿಲು ನಿಜವಾದದ್ದು, ಅದರಂತೆ ಆಸ್ತಿ ಹಂಚುವ ಅಧಿಕಾರ ಇಂಥವರಿಗಿದೆ ಎಂದು ನ್ಯಾಯಾಲಯ ಹಾಕುವ ಮೊಹರು, ಅಷ್ಟೇ. ಕರಾವಳಿಯ ಮುಸ್ಲಿಮರಾದ ಬ್ಯಾರಿ ಸ್ನೇಹಿತರಿಗೆ ಷರೀಯತ್ತಿನ ಲೆಕ್ಕವೇ ಬೇರೆ. ಅದನ್ನು ತಿಳಿದವರಲ್ಲಿ ಕೇಳಿ.

ಊರಿನ ಜಾಗ, ಠೇವಣಿಗಳಿಗೆ ಇಲ್ಲೇ ಇನ್ನೊಂದು ಉಯಿಲು ಮಾಡಿ. ಇಬ್ಬರು ಸಾಕ್ಷಿಗಳಿದ್ದರೆ ಸಾಕು, ನೋಂದಣಿ ಕಡ್ಡಾಯವಲ್ಲ. ಆದರೆ ಒಂದು ಎಚ್ಚರ: "ನನ್ನ ಹಿಂದಿನ ಎಲ್ಲ ಉಯಿಲುಗಳು ರದ್ದು" ಎಂಬ ಸಾಲನ್ನು ಪತ್ರ ಬರಹಗಾರರು ಅಭ್ಯಾಸಬಲದಿಂದ ಸೇರಿಸಿಬಿಡುತ್ತಾರೆ. ಆ ಒಂದು ಸಾಲು ದುಬೈಯ ಉಯಿಲನ್ನೂ ನುಂಗಿಹಾಕೀತು.

"ನಾಮಿನಿ ಹಾಕಿದ್ದೇನಲ್ಲ" ಎನ್ನುವವರೇ ಹೆಚ್ಚು. ನಾಮಿನಿ ಹಣ ಪಡೆದುಕೊಳ್ಳುವವನು ಮಾತ್ರ, ಒಡೆಯನಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1983ರಲ್ಲೇ ಹೇಳಿದೆ. ಇದನ್ನು ನಾನು ಕಲಿತದ್ದು ಅಣ್ಣ ತೀರಿಕೊಂಡ ಮೇಲೆ. ಅವನದು ಉಯಿಲೂ ಇರಲಿಲ್ಲ, ಕೆಲವು ಠೇವಣಿಗಳಿಗೆ ನಾಮಿನಿಯೂ ಇರಲಿಲ್ಲ. ಅತ್ತಿಗೆಯ ಜೊತೆ ಉಡುಪಿಯ ನ್ಯಾಯಾಲಯಕ್ಕೆ ಉತ್ತರಾಧಿಕಾರ ಪ್ರಮಾಣಪತ್ರಕ್ಕಾಗಿ ಅಲೆದೆ. ನಾಡಕಚೇರಿಯಿಂದ ವಂಶವೃಕ್ಷ ತಂದೆವು, ಆಕ್ಷೇಪಣೆ ಇದ್ದವರು ಬರಲಿ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟೆವು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಪಾಸ್‌ಬುಕ್ಕಿನಲ್ಲಿ ಬರೀ ಇನಿಶಿಯಲ್, ಪಹಣಿಯಲ್ಲಿ ಮನೆತನದ ಹೆಸರು. ಮೂವರೂ ಒಬ್ಬನೇ ಎಂದು ಪ್ರಮಾಣ ಮಾಡುವುದರಲ್ಲೇ ಒಂದು ಮಳೆಗಾಲ ಕಳೆಯಿತು.

ಕೊನೆಗೆ ಅಣ್ಣನ ಅಪ್ರಾಪ್ತ ವಯಸ್ಸಿನ ಮಗಳ ಪಾಲು ಬ್ಯಾಂಕಿನಲ್ಲಿ ನಿರಖು ಠೇವಣಿಯಾಯಿತು. ರಸೀದಿಯ ಮೇಲೆ ಕೆಂಪು ಶಾಯಿಯ ಮುದ್ರೆ: ನ್ಯಾಯಾಲಯದ ಅನುಮತಿಯಿಲ್ಲದೆ ಸಾಲವೂ ಇಲ್ಲ, ಅವಧಿಗೆ ಮುನ್ನ ಪಾವತಿಯೂ ಇಲ್ಲ. "ನನ್ನ ಮಗಳ ಹಣಕ್ಕೆ ನಾನೇ ಕಳ್ಳಿಯಾದೆನಾ?" ಎಂದು ಅತ್ತಿಗೆ ಅತ್ತರು. ನನಗೂ ಸಿಟ್ಟು ಬಂದಿತ್ತು. ಆರು ತಿಂಗಳಾಗುವಷ್ಟರಲ್ಲಿ ಬಂಧುವೊಬ್ಬರು ಹೋಟೆಲ್ ಹಾಕುತ್ತೇನೆ, ಸ್ವಲ್ಪ ಸಾಲ ಕೊಡಿ ಎಂದು ಬಂದು ಕುಳಿತರು. ಅತ್ತಿಗೆ ಒಳಗೆ ಹೋಗಿ ಆ ರಸೀದಿಯನ್ನೇ ತಂದು ಅವರ ಮುಂದಿಟ್ಟರು. ಬಂಧುಗಳು ಕಾಫಿ ಕುಡಿದು ಎದ್ದರು.

ಅಂಥ ಹಣ ಪೂರ್ತಿ ಬೀಗ ಹಾಕಿದ್ದೇನೂ ಅಲ್ಲ. ಕಾಲೇಜಿನ ಶುಲ್ಕದ ಚಲನ್ ಲಗತ್ತಿಸಿ ಅರ್ಜಿ ಹಾಕಿದೆವು. ಬೇಕಾದಷ್ಟನ್ನು ಬಿಡಿಸಿಕೊಳ್ಳಲು ನ್ಯಾಯಾಧೀಶರು ಅನುಮತಿ ಕೊಟ್ಟರು. ಅಪ್ರಾಪ್ತ ವಯಸ್ಸಿನ ಮಗುವಿನ ಹೆಸರಿನ ಜಾಗ ಮಾರುವುದಕ್ಕೂ ಹೀಗೆಯೇ, 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವದ ಕಾಯ್ದೆಯಂತೆ ನ್ಯಾಯಾಲಯದ ಒಪ್ಪಿಗೆ ಬೇಕು. ದುಬೈಯಲ್ಲೂ ಮಕ್ಕಳ ಪಾಲಿನ ಮೇಲೆ ನ್ಯಾಯಾಲಯದ ಕಣ್ಣಿರುತ್ತದೆ. ಖರ್ಚಿನ ರಸೀದಿಗಳನ್ನು ಎಸೆಯಬೇಡಿ.

ಇನ್ನು ಕಾಗದಗಳು. ಮದುವೆ, ಜನನ ಪ್ರಮಾಣಪತ್ರಗಳಿಗೆ ವಿದೇಶಾಂಗ ಸಚಿವಾಲಯದ ಮತ್ತು ಯುಎಇ ರಾಯಭಾರ ಕಚೇರಿಯ ಮುದ್ರೆಯನ್ನು ಹೊರಡುವ ಮೊದಲೇ ಹಾಕಿಸಿಕೊಳ್ಳಿ; ಅರಬ್ಬಿ ಅನುವಾದ ಅಲ್ಲಿ ಆಗುತ್ತದೆ. ಹಳೆಯ ಸಿಂಡಿಕೇಟ್ ಬ್ಯಾಂಕಿನ ಪಾಸ್‌ಬುಕ್ ಇದ್ದರೆ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕಿನದಾದರೆ ಯೂನಿಯನ್ ಬ್ಯಾಂಕಿನಲ್ಲಿ ವಿಚಾರಿಸಿ. 2020ರಲ್ಲಿ ಎರಡೂ ವಿಲೀನವಾದವು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆಮೇಲೂ ಕೇಳಿ ಪಡೆಯಬಹುದು.

ನನ್ನ ಎರಡೂ ಉಯಿಲುಗಳ ಪ್ರತಿ ಇಲ್ಲಿ ಬೀರುವಿನ ಎರಡನೆಯ ಖಾನೆಯಲ್ಲಿವೆ. ಬೀಗದಕೈ ಎಲ್ಲಿದೆ ಎಂದು ಅಮ್ಮನಿಗೆ ಗೊತ್ತು. ನಾನು ಹೇಳಿದ್ದಲ್ಲ, ಕಳೆದ ಸಲ ಹೊರಡುವಾಗ ಅವರೇ ಕೇಳಿಕೊಂಡರು.