ಅಥ್ಲೆಟಿಕ್ಸ್ ಕೂಟಕ್ಕೆ ಹೋದರೆ ಎಲ್ಲಿ ಕೂರಬೇಕು?

ಜಿಲ್ಲಾ ಮಟ್ಟದ ಅಥ್ಲೆಟಿಕ್ಸ್ ನೋಡಲು ಬರುವವರಲ್ಲಿ ಹೆಚ್ಚಿನವರು ಓಡುವ ಮಕ್ಕಳ ಮನೆಯವರೇ. ಮಗಳ ನೂರು ಮೀಟರ್ ಓಟ ಮುಗಿಯಿತೋ ಇಲ್ಲವೋ, ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡ್ ದಾರಿ ಹಿಡಿಯುತ್ತಾರೆ. ನೋಡುವ ಕ್ರಮ ಗೊತ್ತಿದ್ದರೆ ಸಂಜೆವರೆಗೂ ಎದ್ದುಹೋಗಲು ಮನಸ್ಸಾಗುವುದಿಲ್ಲ. ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣಕ್ಕೆ ಹೊರಟಿದ್ದೀರಿ ಎಂದುಕೊಂಡು ಹೇಳುತ್ತೇನೆ.

ಹೊರಡುವ ಮುಂಚೆ

ಕೂಟದ ದಿನಾಂಕ ಪೇಪರಿನ ಮೂಲೆಯಲ್ಲಿ ಎರಡು ಸಾಲು ಬಂದರೆ ಹೆಚ್ಚು. ನಿಮ್ಮೂರ ಶಾಲೆಯ ಪಿ.ಟಿ. ಮೇಷ್ಟ್ರನ್ನು ಕೇಳಿ, ಅವರಿಗೆ ಎಲ್ಲ ಗೊತ್ತಿರುತ್ತದೆ. ಶಾಲಾ ಕೂಟಗಳು ಹೋಬಳಿ, ತಾಲ್ಲೂಕು ದಾಟಿ ಜಿಲ್ಲೆಗೆ ಬರುತ್ತವೆ. ಮೊಳಕಾಲ್ಮೂರಿನಿಂದ ಹೊಸದುರ್ಗದವರೆಗೆ ಆರೂ ತಾಲ್ಲೂಕಿನ ಮಕ್ಕಳು ಸೇರುವುದು ಇಲ್ಲೇ. ಟೋಪಿ, ನೀರು ಮರೆಯಬೇಡಿ. ಮಂಡಕ್ಕಿ, ಮೆಣಸಿನಕಾಯಿ ಊರಲ್ಲೇ ಸಿಗುತ್ತದೆ.

ಮೊದಲು ಗಾಳಿ ನೋಡಿ

ದುರ್ಗದ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಒಳಗೆ ಕಾಲಿಟ್ಟ ಕೂಡಲೇ ಬಾವುಟ ನೋಡಿ. ಮಣ್ಣಿನ ಟ್ರ್ಯಾಕ್ ಆದರೆ ಲೇನಿಗೆ ಹಾಕಿದ ಸುಣ್ಣದ ಪುಡಿ ಯಾವ ಕಡೆ ಹಾರುತ್ತದೆಂದು ನೋಡಿದರೂ ಸಾಕು. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ 100, 200 ಮೀಟರ್ ಓಟ, ಉದ್ದ ಜಿಗಿತ, ತ್ರಿವಿಧ ಜಿಗಿತಗಳಲ್ಲಿ ದಾಖಲೆ ಲೆಕ್ಕಕ್ಕಿಲ್ಲ. ಗೆದ್ದ ಪದಕಕ್ಕೇನೂ ಬಾಧೆಯಿಲ್ಲ. ಡಿಸ್ಕಸ್‌ನದು ಉಲ್ಟಾ: ಹದವಾದ ಎದುರುಗಾಳಿ ತಟ್ಟೆಯನ್ನು ಎತ್ತಿ ಹಿಡಿಯುತ್ತದೆ, ಇನ್ನಷ್ಟು ದೂರ ಹೋಗುತ್ತದೆ.

ಓಟಕ್ಕೆ

ಮುಕ್ತಾಯದ ಗೆರೆಯ ನೇರಕ್ಕೆ ಕೂರಿ. ಗೆರೆ ಮೊದಲು ದಾಟಿದ್ದು ಯಾರೆಂದು ತೀರ್ಮಾನಿಸುವುದು ಎದೆ. ಮುಂದೆ ಚಾಚಿದ ಕೈಯೂ ಅಲ್ಲ, ತಲೆಯೂ ಅಲ್ಲ. ನೂರು ಮೀಟರ್ ಆಚೆಯ ತುದಿಯಲ್ಲಿ ಪಿಸ್ತೂಲು ಹಾರಿದಾಗ ಹೊಗೆ ಮೊದಲು ಕಾಣುತ್ತದೆ, ಸದ್ದು ಸುಮಾರು 0.3 ಸೆಕೆಂಡು ತಡವಾಗಿ ಬರುತ್ತದೆ. ಸ್ಟಾಪ್‌ವಾಚ್ ಹಿಡಿದ ಮೇಷ್ಟ್ರುಗಳ ಹೆಬ್ಬೆರಳು ನೋಡಿ. ಪಳಗಿದವರು ಹೊಗೆ ಕಂಡೊಡನೆ ಒತ್ತುತ್ತಾರೆ. ಸದ್ದಿಗೆ ಕಾಯ್ದವರ ವಾಚಿನಲ್ಲಿ ಹುಡುಗ ಇದ್ದದ್ದಕ್ಕಿಂತ ಚುರುಕಾಗಿಬಿಡುತ್ತಾನೆ!

400 ಮೀಟರ್‌ನಲ್ಲಿ ಎಂಟನೇ ಲೇನಿನವರು ಒಂದನೆಯವರಿಗಿಂತ ಸುಮಾರು 53 ಮೀಟರ್ ಮುಂದೆ ನಿಂತಿರುತ್ತಾರೆ. ‘ಇದ್ಯಾವ ನ್ಯಾಯ’ ಎಂದು ಪಕ್ಕದವರು ಕೂಗಾಡಿದರೆ, ಹೊರ ಲೇನಿನ ಸುತ್ತು ದೊಡ್ಡದು, ಅದನ್ನು ಸರಿಮಾಡಲೆಂದೇ ಹಾಗೆ ನಿಲ್ಲಿಸಿದ್ದಾರೆ ಎನ್ನಿ. ಕೊನೆಯ ತಿರುವು ಮುಗಿಯುವವರೆಗೆ ಯಾರು ಮುಂದಿದ್ದಾರೆಂದು ಹೇಳಲು ಹೋಗಬೇಡಿ.

ಮರಳಿನ ಗುಂಡಿಯ ಪಕ್ಕ

ನನ್ನನ್ನು ಕೇಳಿದರೆ ಇಡೀ ಕೂಟದ ಒಳ್ಳೆಯ ಜಾಗ ಇದೇ. ನೂರು ಮೀಟರ್ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಉದ್ದ ಜಿಗಿತ ಗಂಟೆಗಟ್ಟಲೆ ನಡೆಯುತ್ತದೆ. ಓಡಿಬಂದು ಕಾಲೂರಿ ಜಿಗಿಯುವ ಹಲಗೆಯ ನೇರಕ್ಕೆ ನಿಂತು ಪಾದ ನೋಡಿ. 20 ಸೆಂಟಿಮೀಟರ್ ಅಗಲದ ಆ ಹಲಗೆಯನ್ನು ಒಂದು ಬೆರಳಷ್ಟು ಮೀರಿದರೂ ಕೆಂಪು ಬಾವುಟ, ಆ ಜಿಗಿತ ಲೆಕ್ಕಕ್ಕಿಲ್ಲ. ಬಿಳಿ ಎದ್ದರೆ ಟೇಪು ಬರುತ್ತದೆ, ಮರಳಿನಲ್ಲಿ ಹಲಗೆಗೆ ಹತ್ತಿರದ ಗುರುತಿನಿಂದ ಅಳೆಯುತ್ತಾರೆ. ಚೆನ್ನಾಗಿ ಹಾರಿ ಹಿಂದಕ್ಕೆ ಕೈ ಊರಿದ ಹುಡುಗಿಯ ಮುಖ ಆಗ ನೋಡಬೇಕು. ಕಾಲಿನ ಗುರುತು ಎಷ್ಟೇ ದೂರವಿರಲಿ, ಲೆಕ್ಕ ಕೈಯದ್ದೇ. ಹುಡುಗರು ಸಲಿಕೆ ಹಿಡಿದು ಮರಳು ಸಮ ಮಾಡುವಾಗ ಅವಳು ತಾನು ಓಟ ಶುರುಮಾಡುವ ಗುರುತನ್ನು ಅರ್ಧ ಅಡಿ ಹಿಂದಕ್ಕೆ ಸರಿಸುವುದೂ ಕಾಣುತ್ತದೆ. ದೊಡ್ಡ ಕೂಟಗಳಲ್ಲಿ ಮೂರು ಅವಕಾಶದ ನಂತರ ಮೊದಲ ಎಂಟು ಜನರಿಗೆ ಇನ್ನೂ ಮೂರು ಸಿಗುತ್ತದೆ. ಇಬ್ಬರದೂ ಒಂದೇ ದೂರವಾದರೆ ಎರಡನೇ ಉತ್ತಮ ಜಿಗಿತ ನೋಡುತ್ತಾರೆ. ಪೆನ್ನು, ಚೀಟಿ ಇದ್ದರೆ ಎಲ್ಲರ ಅಳತೆಯನ್ನೂ ಬರೆದುಕೊಳ್ಳಿ. ಮೈಕಿನವರಿಗಿಂತ ಮೊದಲೇ ನಿಮಗೆ ಫಲಿತಾಂಶ ಗೊತ್ತಾಗುತ್ತದೆ.

ಜಾವೆಲಿನ್ ನಡೆಯುವಾಗ ಮಾತ್ರ ಹಗ್ಗದ ಆಚೆಗೇ ಇರಿ. ಸೆಲ್ಫಿಗೆಂದು ಒಳಗೆ ನುಗ್ಗುವವರಿಗೆ ಬುದ್ಧಿ ಹೇಳಿ ಸಾಕಾಗಿದೆ. ಪುರುಷರ ಜಾವೆಲಿನ್ 800 ಗ್ರಾಂ, ತುದಿ ಲೋಹದ್ದು.

ರಿಲೇ ಬಿಡಬೇಡಿ

ರಿಲೇ ಸಾಮಾನ್ಯವಾಗಿ ಕೊನೆಗೆ. ನಾಲ್ವರು ತಲಾ ನೂರು ಮೀಟರ್ ಓಡುವ 4x100ಕ್ಕೆ ಮುಕ್ತಾಯದ ಗೆರೆ ಬಿಟ್ಟು ಕೊನೆಯ ತಿರುವಿನ ಹತ್ತಿರ ಹೋಗಿ. ಮೂರನೆಯವರು ನಾಲ್ಕನೆಯವರಿಗೆ ಬ್ಯಾಟನ್ ಎಂಬ ಕೋಲು ಕೊಡುವುದು ಅಲ್ಲಿ, 30 ಮೀಟರ್ ಜಾಗದೊಳಗೆ. ಮುಂದಿದ್ದ ತಂಡ ಅಲ್ಲೇ ಬ್ಯಾಟನ್ ಬೀಳಿಸುವುದುಂಟು. ಬಿದ್ದ ಮಾತ್ರಕ್ಕೆ ಅನರ್ಹರಲ್ಲ. ಬೀಳಿಸಿದವರೇ ಎತ್ತಿಕೊಂಡು, ಬೇರೆಯವರಿಗೆ ಅಡ್ಡಬಾರದೆ ಓಡಬಹುದು.