ಸೀರಮ್ ಬಿಟ್ಟು ಪ್ಲೇಟ್‌ಲೆಟ್ ಹಿಡಿದ ಮೇಲೆ

ದನದ ಭ್ರೂಣದ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಇಲ್ಲದೆ, ಮನುಷ್ಯರ ಪ್ಲೇಟ್‌ಲೆಟ್ ಸಾರದಲ್ಲಿ ಮೂಳೆಮಜ್ಜೆಯ ಸ್ಟೆಮ್ ಸೆಲ್ ಬೆಳೆಸುತ್ತೇನೆ ಎಂದಾಗ ಲ್ಯಾಬಿನಲ್ಲಿ ಯಾರೂ ಒಪ್ಪಲಿಲ್ಲ. ಮೀಡಿಯಾ (ಕೋಶ ಬೆಳೆಸುವ ಪೋಷಕ ದ್ರವ) ಹೆಪ್ಪುಗಟ್ಟುತ್ತೆ, ಕೋಶಗಳ ಗುಣವೇ ಬದಲಾಗುತ್ತೆ, ಎರಡು ಪ್ಯಾಸೇಜ್ (ಕೋಶಗಳನ್ನು ಬಿಡಿಸಿ ಹೊಸ ಫ್ಲಾಸ್ಕಿಗೆ ಹಾಕುವುದು) ಆದಮೇಲೆ ಮತ್ತೆ ಸೀರಮ್ ಬಾಟಲಿಗೇ ಕೈ ಹಾಕ್ತೀರಿ ಅಂದರು. ಎರಡು ವರ್ಷದ ಹತ್ತಿರ ಆಯಿತು. ನಮ್ಮ ಇನ್‌ಕ್ಯುಬೇಟರಿನಲ್ಲಿ ಒಂದು ಹನಿ ಸೀರಮ್ ಇಲ್ಲ.

ಶುರುವಾದದ್ದು ದುಡ್ಡಿನಿಂದಲೇ. ಕಲ್ಚರ್ ಸಾಮಗ್ರಿಗೆ ಸಿಗುವ ಹಣದಲ್ಲಿ ಅರ್ಧದಷ್ಟನ್ನು ಸೀರಮ್ ಒಂದೇ ನುಂಗುತ್ತಿತ್ತು. ಲಾಟ್ ಬದಲಾದರೆ ಮತ್ತೆ ಮೂರು ನಾಲ್ಕು ಸ್ಯಾಂಪಲ್ ತರಿಸಿ, ತಿಂಗಳುಗಟ್ಟಲೆ ಹೋಲಿಸಿ, ಚೆನ್ನಾಗಿ ಬೆಳೆಸಿದ್ದನ್ನು ಒಟ್ಟಿಗೆ ಕಾದಿರಿಸಬೇಕು. ಹಾಗೆ ಆರಿಸಿದ ಲಾಟಿನಲ್ಲೂ ಒಬ್ಬ ಮಜ್ಜೆ ದಾನಿಯ ಕೋಶ ಓಡಿದರೆ ಇನ್ನೊಬ್ಬರದು ಕದಲುತ್ತಿರಲಿಲ್ಲ. ಅತ್ತ ರಕ್ತನಿಧಿಗಳಲ್ಲಿ ಪ್ಲೇಟ್‌ಲೆಟ್ ಚೀಲಗಳನ್ನು 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸುತ್ತಾ ಸಾಮಾನ್ಯವಾಗಿ 5 ದಿನ ಇಡುತ್ತಾರೆ. ಅವಧಿ ಮುಗಿದರೆ ಎಸೆಯುತ್ತಾರೆ. ನಮಗೆ ಬೇಕಾದ ಬೆಳವಣಿಗೆಯ ಅಂಶಗಳೆಲ್ಲ ಆ ಚೀಲದೊಳಗೇ ಉಳಿದಿರುತ್ತವೆ. ದಾನಿಗಳ ಒಪ್ಪಿಗೆ, ನೈತಿಕ ಸಮಿತಿಯ ಅನುಮತಿ ಸಿಗುವುದಕ್ಕೇ ತುಂಬ ಸಮಯ ಹಿಡಿಯಿತು. ಆಮೇಲಿನ ಕೆಲಸ ನಮ್ಮ ಕೈಯಲ್ಲೇ ಇತ್ತು.

ಲೈಸೇಟ್, ಅಂದರೆ ಪ್ಲೇಟ್‌ಲೆಟ್ ಒಡೆದು ತೆಗೆದ ಸಾರ, ಮಾಡುವುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು: ಮೈನಸ್ 80 ಡಿಗ್ರಿ, ಆಮೇಲೆ 37, ಮತ್ತೆ ಮೈನಸ್ 80. ಮೂರು ಸುತ್ತು ಸಾಕು. ಐದು ಸುತ್ತು ಹಾಕಿ ನೋಡಿದೆ, ನನಗೆ ಹೆಚ್ಚು ಫಲವೇನೂ ಕಾಣಲಿಲ್ಲ. ತೊಂದರೆ ಮೀಡಿಯಾಗೆ ಸೇರಿಸಿದ ಮೇಲೆ ಶುರುವಾಗುತ್ತದೆ. ಚೀಲದಲ್ಲಿ ಸಿಟ್ರೇಟ್ ಹಿಡಿದಿಟ್ಟಿದ್ದ ಹೆಪ್ಪುಗಟ್ಟುವಿಕೆ ಮೀಡಿಯಾದ ಕ್ಯಾಲ್ಸಿಯಂ ಸಿಕ್ಕ ಕೂಡಲೇ ಕೆರಳುತ್ತದೆ. ರಾತ್ರಿ ಇಟ್ಟ ಫ್ಲಾಸ್ಕ್ ಬೆಳಿಗ್ಗೆ ಲೋಳೆಯಾಗಿರುತ್ತದೆ. ಎಲ್ಲರೂ ಹೇಳುವಂತೆ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಅನ್ನು ಮಿಲಿಲೀಟರಿಗೆ 2 ಯೂನಿಟ್ ಹಾಕಿದೆವು. ಪ್ಲಾಸ್ಮಾ ಹೆಚ್ಚಿದ್ದ ಬ್ಯಾಚಿಗೆ ಅದು ಸಾಲಲಿಲ್ಲ, ಏರಿಸುತ್ತಾ ಹೋದರೆ ಕೋಶಗಳು ನಿಧಾನವಾದವು. ಹೆಪಾರಿನ್ ಬರುವುದೂ ಹಂದಿಯ ಕರುಳಿನಿಂದಲೇ. ದನವನ್ನು ಬಿಟ್ಟು ಹಂದಿಯನ್ನು ತರುವುದು ನನಗೆ ಒಗ್ಗಲಿಲ್ಲ.

ಹೆಪ್ಪುಗಟ್ಟುವುದನ್ನು ತಡೆಯುವ ಬದಲು ಮೊದಲೇ ಗಟ್ಟಿಯಾಗಲಿ ಎಂದು ಬಿಟ್ಟಾಗ ದಾರಿ ತೆರೆಯಿತು. ಲೈಸೇಟಿಗೆ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ, ಹೆಪ್ಪಿನ ನಾರಾದ ಫೈಬ್ರಿನ್ ಪೂರ್ತಿ ಕಟ್ಟುವವರೆಗೆ ಕಾದು, ಅದನ್ನು ಹಿಂಡಿ ತೆಗೆದು, ಉಳಿದ ದ್ರವವನ್ನು ಸೆಂಟ್ರಿಫ್ಯೂಜ್ ಮಾಡುತ್ತೇನೆ. ನನ್ನ ಕ್ಯಾಲ್ಸಿಯಂ ಪ್ರಮಾಣ ಸುಮಾರು 20 ಮಿಲಿಮೋಲಾರ್. ಅದನ್ನು ಯಾವ ಉಷ್ಣತೆಯಲ್ಲಿ, ಎಷ್ಟು ನಿಧಾನವಾಗಿ ಸೇರಿಸುತ್ತೇನೆ, ಹಿಂಡುವ ಮೊದಲು ಏನು ಮಾಡುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಫಿಲ್ಟರ್ ಮಾತ್ರ ಜೇಬು ಸುಡುತ್ತದೆ. ನೇರವಾಗಿ 0.22 ಮೈಕ್ರಾನಿಗೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಕಟ್ಟಿಕೊಳ್ಳುತ್ತದೆ. 0.45 ಮೊದಲು, 0.22 ಆಮೇಲೆ. ಅಷ್ಟಾದರೂ ಮೈಕೊಪ್ಲಾಸ್ಮಾ ಎಂಬ ತೀರಾ ಚಿಕ್ಕ ಬ್ಯಾಕ್ಟೀರಿಯಾ ಆ ರಂಧ್ರದಲ್ಲಿ ನುಸುಳಬಲ್ಲದು, ಹಾಗಾಗಿ ಪ್ರತಿ ಬ್ಯಾಚಿಗೂ ಅದರ ಡಿಎನ್‌ಎ ಹುಡುಕುವ ಪಿಸಿಆರ್ ಮಾಡಿಸುತ್ತೇನೆ. ಆ ಖರ್ಚನ್ನು ಉಳಿಸಲು ಹೋಗಬೇಡಿ. ಹತ್ತಕ್ಕಿಂತ ಕಡಿಮೆ ದಾನಿಗಳ ಚೀಲ ಬೆರೆಸಿದರೆ ಬ್ಯಾಚಿನಿಂದ ಬ್ಯಾಚಿಗೆ ಏರುಪೇರು ಕಾಣುತ್ತದೆ. ನಾನು ಹದಿನೈದರ ಆಸುಪಾಸು ಬೆರೆಸುತ್ತೇನೆ.

ಆಲ್ಫಾ ಮೆಮ್ ಎಂಬ ಮೀಡಿಯಾಗೆ ಶೇ. 5 ಲೈಸೇಟ್ ಸಾಕು. ಸೀರಮ್‌ನಲ್ಲಿ ಕೋಶಗಳು ದ್ವಿಗುಣವಾಗಲು 50 ಗಂಟೆಯ ಹತ್ತಿರ ಹಿಡಿಯುತ್ತಿದ್ದವು, ಇದರಲ್ಲಿ ಮೂವತ್ತರ ಸುತ್ತ. ನೋಡಲು ತೆಳ್ಳಗೆ, ಉದ್ದಕ್ಕೆ, ಒತ್ತಾಗಿ ಸಾಲುಗಟ್ಟಿರುತ್ತವೆ. ಅವು ಸ್ಟೆಮ್ ಸೆಲ್ ಆಗಿ ಉಳಿದಿಲ್ಲ ಎಂದವರಿಗೆ ಐದನೇ ಪ್ಯಾಸೇಜಿನ ಫ್ಲೋ ಸೈಟೊಮೆಟ್ರಿ (ಕೋಶದ ಮೇಲ್ಮೈ ಗುರುತುಗಳ ಪರೀಕ್ಷೆ) ಫಲಿತಾಂಶ ತೋರಿಸಿದೆ. ಈ ಕೋಶಗಳಲ್ಲಿ ಇರಲೇಬೇಕಾದ ಗುರುತುಗಳಾದ ಸಿಡಿ73, ಸಿಡಿ90, ಸಿಡಿ105 ಮೂರೂ 2006ರ ಅಂತರರಾಷ್ಟ್ರೀಯ ಮಾನದಂಡ ಕೇಳುವ ಶೇ. 95ನ್ನು ಆರಾಮವಾಗಿ ದಾಟಿದ್ದವು, ಇರಬಾರದ ರಕ್ತಕೋಶದ ಗುರುತುಗಳಾದ ಸಿಡಿ34, ಸಿಡಿ45 ಶೇ. 2ರ ಕೆಳಗಿದ್ದವು. ಮೂಳೆಯ ಕಡೆಗೆ ತಿರುಗಿಸಿ, ಮೂರು ವಾರದ ನಂತರ ಕ್ಯಾಲ್ಸಿಯಂ ತೋರಿಸುವ ಅಲಿಜರಿನ್ ಬಣ್ಣ ಹಾಕಿದಾಗ ತಟ್ಟೆಯ ಗುಳಿಗಳು ಕಡುಗೆಂಪಾದವು. ಕೊಬ್ಬಿನ ಕಡೆಗೆ ತಿರುಗಿಸುವುದು ಮಾತ್ರ ಇನ್ನೂ ನಿಧಾನ, ಕೊಬ್ಬನ್ನು ತೋರಿಸುವ ಆಯಿಲ್ ರೆಡ್ ಓ ಬಣ್ಣ ಸೀರಮ್‌ನಲ್ಲಿ ಬಂದಷ್ಟು ದಟ್ಟವಾಗಿ ಬರುತ್ತಿಲ್ಲ. ಪರೀಕ್ಷೆ, ಫಿಲ್ಟರ್ ಎಲ್ಲ ಸೇರಿಸಿದರೂ ಒಟ್ಟು ಖರ್ಚು ಮೊದಲಿನ ಮೂರನೇ ಒಂದು ಭಾಗಕ್ಕೆ ಇಳಿದಿದೆ.

ಹಿಂಡಿ ತೆಗೆದ ಫೈಬ್ರಿನ್ ಎಸೆಯಲು ಮನಸ್ಸು ಬರಲಿಲ್ಲ. ಅಚ್ಚಿನಲ್ಲಿ ಒತ್ತಿ ತೆಳುವಾದ ಹಾಳೆ ಮಾಡಿ ಅದರ ಮೇಲೆಯೇ ಕೋಶ ಬಿತ್ತಿದೆ. ಚೆನ್ನಾಗಿ ಅಂಟಿಕೊಂಡವು, ಆದರೆ ಹಾಳೆಯನ್ನು ಎಳೆದೆಳೆದು ಕುಗ್ಗಿಸಿ, ವಾರ ಕಳೆಯುವುದರೊಳಗೆ ಕರಗಿಸಿಬಿಟ್ಟವು. ಟ್ರಾನೆಕ್ಸಾಮಿಕ್ ಆಮ್ಲ ಹಾಕಿದರೆ ಹೆಚ್ಚು ದಿನ ನಿಲ್ಲುತ್ತದೆ. ಅಂಚನ್ನು ಪಿಸಿಎಲ್ ಎಂಬ ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಸಿಕ್ಕಿಸಿ ಕುಗ್ಗದಂತೆ ಹಿಡಿಯುವುದು ಈಗಿನ ಪ್ರಯತ್ನ, ಮೂಳೆಯ ಕಡೆಗೆ ಹೋಗುವ ಕೋಶಗಳಿಗೆ ಆ ಬಿಗಿತ ಒಳ್ಳೆಯದೇ ಮಾಡಬಹುದು ಎಂದು ನನ್ನ ಊಹೆ.

ಇದನ್ನು ಮಾಡಿ ನೋಡುವವರಿಗೆ ಇನ್ನೊಂದು ಮಾತು: ಲೈಸೇಟಿನಲ್ಲಿ ಬೆಳೆದ ಕೋಶಗಳು ಫ್ಲಾಸ್ಕಿನ ಪ್ಲಾಸ್ಟಿಕ್ಕನ್ನು ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಸೀರಮ್ ಕಾಲದ ಐದು ನಿಮಿಷದ ಟ್ರಿಪ್ಸಿನ್ (ಕೋಶಗಳನ್ನು ಬಿಡಿಸುವ ಕಿಣ್ವ) ಇಲ್ಲಿ ಬೇಡ, ಎರಡು ನಿಮಿಷಕ್ಕೇ ಮೈಕ್ರೋಸ್ಕೋಪಿನ ಕೆಳಗೆ ನೋಡಿ.